ಜಾಮೀನು ನಿಂತವರು

ಮುಂಬಯಿಯ ಅತಿ ಹಳೆಯ ಯಹೂದಿ ಪ್ರಾರ್ಥನಾಮಂದಿರವನ್ನು ಕಟ್ಟಿಸಿದವನು ಶ್ರೀರಂಗಪಟ್ಟಣದ ಸೆರೆಯಿಂದ ಬದುಕಿ ಬಂದವನು. ಹೆಸರು ಸ್ಯಾಮ್ಯುಯೆಲ್ ಎಝಕಿಯೆಲ್ ದಿವೇಕರ್. ಮನೆಮಾತು ಮರಾಠಿ, ಪಂಗಡ ಬೆನೆ ಇಸ್ರೇಲ್, ಉದ್ಯೋಗ ಕಂಪನಿ ಸರ್ಕಾರದ ಫೌಜಿನಲ್ಲಿ ಅಧಿಕಾರ. ಎರಡನೆಯ ಮೈಸೂರು ಯುದ್ಧದಲ್ಲಿ ಸಿಕ್ಕಿಬಿದ್ದ. ಕೈದಿಗಳನ್ನು ಕೊಲ್ಲುವ ಹೊತ್ತಿಗೆ ನಿನ್ನ ಜಾತಿ ಯಾವುದೆಂದು ಕೇಳಿದರಂತೆ; ಬೆನೆ ಇಸ್ರೇಲ್ ಎಂದನಂತೆ. ಈ ಜನದ ಹೆಸರು ಕುರಾನಿನಲ್ಲಿದೆ, ಕಣ್ಣಿಂದ ನೋಡಿದ್ದು ಇದೇ ಮೊದಲು, ಬಿಟ್ಟುಬಿಡು ಎಂದು ಟಿಪ್ಪುವಿನ ತಾಯಿ ಮಗನಿಗೆ ಹೇಳಿದಳಂತೆ. ಬೆನೆ ಇಸ್ರೇಲರ ಮನೆಗಳಲ್ಲಿ ಅಜ್ಜಿಯಂದಿರು ಹೇಳಿಕೊಂಡು ಬಂದ ಕಥೆ ಇದು. ಕಥೆ ಎಷ್ಟು ನಿಜವೋ, 1796 ಮಾತ್ರ ನಿಜ. ಆ ವರ್ಷ ದಿವೇಕರ್ ಹರಕೆ ತೀರಿಸಿ ಕಟ್ಟಿಸಿದ ಮಂದಿರ ಮಸ್ಜಿದ್ ಬಂದರ್ ಸ್ಟೇಷನ್ನಿನ ಹತ್ತಿರ, ಅವನದೇ ಹೆಸರಿನ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿ, ಕೈಗಾಡಿಗಳ ನೂಕುನುಗ್ಗಲಿನ ನಡುವೆ ಈಗಲೂ ಇದೆ.

ನಾನು ನಿಪ್ಪಾಣಿಯವನು. ಕೆಲಸದ ಬದುಕನ್ನೆಲ್ಲ ಮುಂಬಯಿಯ ಒಂದು ಸಹಕಾರಿ ಪತ್ತಿನ ಸಂಘದಲ್ಲಿ ಕಳೆದೆ. ಸಾಲದ ಅರ್ಜಿಯ ಹಿಂಬದಿಯಲ್ಲಿ ಇಬ್ಬರು ಜಾಮೀನುದಾರರ ಸಹಿ ಇರಬೇಕು. ಆ ಸಹಿ ಯಾರದು, ಅವರ ಪಗಾರ ಎಷ್ಟು, ಸಾಲಗಾರನಿಗೆ ಅವರು ಏನಾಗಬೇಕು ಎಂದು ನೋಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ದಿವೇಕರನ ಕಥೆ ಕೇಳಿದಾಗ ನನಗೆ ಹರಕೆಗಿಂತ ಮೊದಲು ಹೊಳೆದದ್ದು ಆ ತಾಯಿ. ಮುಖಪರಿಚಯವಿಲ್ಲದ ಶತ್ರುಪಾಳಯದ ಒಬ್ಬನಿಗೆ ಆಕೆ ಜಾಮೀನು ನಿಂತಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಬೇರೆ ಬೇರೆ ಮತದವರು ಮಾಡಿದ ಉಪಕಾರಗಳನ್ನು ಓದುತ್ತ ಹೋದರೆ ಅನ್ನದಾನ, ಬಟ್ಟೆಬರೆ ಎಲ್ಲ ಸಿಗುತ್ತವೆ. ನಿಜವಾಗಿ ಪ್ರಾಣ ಉಳಿಸಿದ್ದು ಮಾತ್ರ ಹೆಚ್ಚಾಗಿ ಕಾಗದದ ಮೇಲಿನ ಒಂದು ಸಹಿ.

ಈ ಊರಿನ ಧರ್ಮವೆಲ್ಲ ಮೊದಲಿನಿಂದಲೂ 'ನಮ್ಮವರಿಗೆ ನಾವು' ಎಂಬ ಲೆಕ್ಕದ್ದು. ಪಾರ್ಸಿಗಳ ಕಾಲನಿ ಪಾರ್ಸಿಗಳಿಗೆ, ಭಾಟಿಯಾಗಳ ಧರ್ಮಶಾಲೆ ಭಾಟಿಯಾಗಳಿಗೆ. ನಾವೇನು ಬೇರೆಯೇ? ಕರಾವಳಿಯ ಮೊಗವೀರರು 1902ರಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿದರು, ಬಂಟರು 1927ರಲ್ಲಿ ಸಂಘ ಕಟ್ಟಿದರು. ಕೆನರಾದ ಸಾರಸ್ವತ ವಕೀಲ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಪತ್ತಿನ ಸಂಘ ಶುರುಮಾಡಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಂಘವೂ ಎದ್ದಿತು. ಎಲ್ಲ ಒಳ್ಳೆಯ ಕೆಲಸವೇ, ನನ್ನ ಅನ್ನದ ಕಸುಬು ಅದರಿಂದಲೇ ಹುಟ್ಟಿದ್ದು. ಆದರೆ ಬಾಗಿಲಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಊರು ಯಾವುದು, ಮನೆತನ ಯಾವುದು ಎಂಬುದೇ. ಯಹೂದಿಗಳಲ್ಲೂ ಅಷ್ಟೆ. ಬೆನೆ ಇಸ್ರೇಲರು ಕೊಂಕಣದಲ್ಲಿ ಗಾಣ ತಿರುಗಿಸಿಕೊಂಡು, ಶನಿವಾರ ರಜೆ ಹಿಡಿದು, 'ಶನಿವಾರ ತೇಲಿ' ಅನ್ನಿಸಿಕೊಂಡವರು. ಬಾಗ್ದಾದಿನಿಂದ ಆಮೇಲೆ ಬಂದ ಸಸೂನರಂಥ ವ್ಯಾಪಾರಿಗಳಿಗೆ ಇವರು ಸರಿಸಮಾನರೆಂದು ಅನ್ನಿಸಲಿಲ್ಲ. 1836ರಲ್ಲಿ ಬಾಗ್ದಾದಿಗಳು ಸ್ಮಶಾನದಲ್ಲಿ ತಮ್ಮ ಗೋರಿಗಳಿಗೂ ಅವರ ಗೋರಿಗಳಿಗೂ ನಡುವೆ ಗೋಡೆ ಬೇಕೆಂದು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಸತ್ತವರ ಪಂಕ್ತಿಭೇದ! ಡೇವಿಡ್ ಸಸೂನ್ 1861ರಲ್ಲಿ ಬೈಕಲಾದಲ್ಲಿ ಕಟ್ಟಿಸಿದ ಮ್ಯಾಗೆನ್ ಡೇವಿಡ್ ಮಂದಿರದ ಗಡಿಯಾರದ ಗೋಪುರ ನೋಡಿದಾಗೆಲ್ಲ ನನಗೆ ಈ ಗೋಡೆಯ ಅರ್ಜಿಯೂ ನೆನಪಾಗುತ್ತದೆ.

ಇಂಥ ಜನ 1934ರಲ್ಲಿ ಒಂದು ಹೊಸ ಸಂಸ್ಥೆ ಕಟ್ಟಬೇಕಾಯಿತು. ಹಿಟ್ಲರ್ ಅಧಿಕಾರಕ್ಕೆ ಬಂದು ವರ್ಷವಾಗಿತ್ತು. ಇಟಲಿಯ ಲಾಯ್ಡ್ ಟ್ರಿಯೆಸ್ಟಿನೊ ಕಂಪನಿಯ ಹಡಗುಗಳು ಬ್ಯಾಲಾರ್ಡ್ ಪಿಯರಿಗೆ ಹಚ್ಚಿದಾಗ ಇಳಿಯುವವರಲ್ಲಿ ಜರ್ಮನ್ ಡಾಕ್ಟರರು, ವಕೀಲರು, ವಾದ್ಯಗಾರರು ಇರತೊಡಗಿದರು. ಅವರಿಗಾಗಿ ಹುಟ್ಟಿದ್ದು ಜ್ಯೂಯಿಷ್ ರಿಲೀಫ್ ಅಸೋಸಿಯೇಷನ್. ಮೊದಮೊದಲು ಕೆಲಸ ಸಣ್ಣದಿತ್ತು: ತಂಗಲು ಜಾಗ, ನೌಕರಿಗೊಂದು ಪರಿಚಯಪತ್ರ. 1938ರ ಮಾರ್ಚಿನಲ್ಲಿ ಆಸ್ಟ್ರಿಯಾ ಹಿಟ್ಲರನ ಕೈಸೇರಿತು, ನವೆಂಬರಿನಲ್ಲಿ ಜರ್ಮನಿಯ ಯಹೂದಿ ಮಂದಿರಗಳಿಗೆ ಬೆಂಕಿ ಬಿತ್ತು. ಇನ್ನು ಕೆಲಸ ಸಣ್ಣದಾಗಿ ಉಳಿಯಲಿಲ್ಲ. ಬರುವವನು ಸರ್ಕಾರದ ಮೇಲೆ ಹೊರೆಯಾಗುವುದಿಲ್ಲವೆಂದು ಇಲ್ಲಿಯ ಯಾರಾದರೂ ಖಾತ್ರಿ ಕೊಟ್ಟರೇ ವೀಸಾ ಎಂಬುದು ಬ್ರಿಟಿಷ್ ಭಾರತದ ಕಟ್ಟಳೆ. ವಿಯೆನ್ನಾದ ದಂತವೈದ್ಯನಿಗೆ ಬೊಂಬಾಯಿಯಲ್ಲಿ ಯಾರ ಪರಿಚಯವಿರುತ್ತದೆ? ಅಸೋಸಿಯೇಷನ್ ತಾನೇ ಖಾತ್ರಿದಾರನಾಗಿ ನಿಂತಿತು, ಸರ್ಕಾರ ಆ ಖಾತ್ರಿಯನ್ನು ಒಪ್ಪಿತು. ನನ್ನ ಕಸುಬಿನವರಿಗೆ ಇದರ ತೂಕ ತಕ್ಷಣ ತಿಳಿಯುತ್ತದೆ. ಜಾಮೀನು ಕೊಟ್ಟವನು ಸಾಲಗಾರ ಓಡಿಹೋದರೆ ತಾನು ತುಂಬಬೇಕು. ಮುಖವನ್ನೇ ನೋಡದ ಜನರಿಗೆ ಜಾಮೀನು ಕೊಡುವುದನ್ನು ನಮ್ಮ ಸಂಘದಲ್ಲಿ ಯಾರಾದರೂ ಮಾಡಿದ್ದರೆ ನಾವೇ ತಲೆ ಕೆಟ್ಟಿದೆಯೇ ಎಂದು ಕೇಳುತ್ತಿದ್ದೆವು.

ಎಲ್ಲರೂ ಅವರನ್ನು ಬಾಗಿಲಲ್ಲಿ ಆರತಿ ಎತ್ತಿ ಒಳಗೆ ಕರೆದರೆಂದೇನೂ ಅಲ್ಲ. ಜರ್ಮನ್ ವೈದ್ಯಕೀಯ ಪದವಿಗೆ ಇಲ್ಲಿ ಮಾನ್ಯತೆ ಕೊಡಬೇಕೇ ಎಂದು ಊರಿನ ಡಾಕ್ಟರರಲ್ಲಿ ತಕರಾರು ಎದ್ದಿತು. ಹೊಟ್ಟೆಪಾಡಿನ ತಕರಾರು, ಅದನ್ನೂ ಪೂರ್ತಿ ತಪ್ಪೆನ್ನಲಾರೆ. ಆದರೆ ಬಂದವರು ಊರಿಗೆ ಕೊಟ್ಟದ್ದೂ ಇದೆ. 1934ರಲ್ಲಿ ಬಂದಿಳಿದ ವಾಲ್ಟರ್ ಕೌಫ್‌ಮನ್ ರೇಡಿಯೋದ ಬೊಂಬಾಯಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥರಾದರು. ಬೆಳಿಗ್ಗೆ ಆಕಾಶವಾಣಿ ತೆರೆಯುವಾಗ ನಾವೆಲ್ಲ ಕೇಳಿ ಬೆಳೆದ ಆ ರಾಗ ಅವರು ಕೂಡಿಸಿದ್ದು ಎನ್ನುತ್ತಾರೆ. ಧಾರವಾಡದ ಪ್ರದೇಶ ಸಮಾಚಾರಕ್ಕೆ ಕಾದು ಕೂತವರಿಗೆ ಅದು ಒಬ್ಬ ನಿರಾಶ್ರಿತನ ಕಾಣಿಕೆ ಎಂದು ಯಾರು ಹೇಳಿದ್ದರು! ಬರ್ಲಿನ್ನಿನ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರರಿಗೆ ಅಸೋಸಿಯೇಷನ್ನಿನ ಕಾಗದವೇ ಬೇಕಾಗಲಿಲ್ಲ. ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ 1939ರಲ್ಲಿ ಅವರನ್ನು ಮುಖ್ಯ ವಾಸ್ತುಶಿಲ್ಪಿಯಾಗಿ ಕರೆಸಿಕೊಂಡಿತು. ದಿವಾನರ ಮಾತಿಗಿಂತ ದೊಡ್ಡ ಜಾಮೀನು ಯಾವುದು?

1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಹಿಟ್ಲರನಿಂದ ಓಡಿಬಂದವರ ಕೈಯಲ್ಲಿ ಇದ್ದದ್ದು ಜರ್ಮನ್ ಪಾಸ್‌ಪೋರ್ಟೇ ತಾನೆ? ಶತ್ರುದೇಶದವರೆಂದು ಪೊಲೀಸರು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ನಾಜಿ ಪಕ್ಷದ ಜರ್ಮನ್ ವ್ಯಾಪಾರಿಗಳೂ ಅವರಿಗೆ ಹೆದರಿ ದೇಶ ಬಿಟ್ಟ ಯಹೂದಿಗಳೂ ಒಂದೇ ಬೇಲಿಯೊಳಗೆ. ಮಾಲ್ಕಂ ಡಾರ್ಲಿಂಗ್ ಎಂಬ ಐಸಿಎಸ್ ಅಧಿಕಾರಿಯ ಸಮಿತಿ ಒಬ್ಬೊಬ್ಬರನ್ನೇ ಕರೆದು ವಿಚಾರಿಸಿತು. ಪಂಜಾಬಿನ ರೈತರ ಸಾಲದ ಮೇಲೆ ಪುಸ್ತಕ ಬರೆದ ಡಾರ್ಲಿಂಗ್ ಇವರೇ. ಸಹಕಾರಿ ಸಂಘದವರಿಗೆ ಹೆಸರು ಪರಿಚಿತ. ಅಸೋಸಿಯೇಷನ್ನಿನವರು ಮತ್ತೆ ಮುಂದೆ ಬಂದು, ಇವನು ನಮ್ಮವನು, ಇವನಿಂದ ಅಪಾಯವಿಲ್ಲ ಎಂದು ಹೇಳಬೇಕಾಯಿತು. ಹೆಚ್ಚಿನವರು ಬಿಡುಗಡೆಯಾದರು. 1940ರಲ್ಲಿ ಫ್ರಾನ್ಸ್ ಬಿದ್ದ ಮೇಲೆ ಸರ್ಕಾರಕ್ಕೆ ಮತ್ತೆ ಅನುಮಾನ ಹತ್ತಿ, ಕೆಲವರು ಪುರಂದರ, ಸಾತಾರಾಗಳಲ್ಲಿ ಕಣ್ಗಾವಲಿನಲ್ಲಿ ದಿನ ಕಳೆದರು. ಗೋಡೆ ಕೇಳಿದ್ದವರ ಮೊಮ್ಮಕ್ಕಳು ಹೀಗೆ ಪರಕೀಯರ ಫೈಲು ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿಳಿದದ್ದು ನನಗೆ ಬೈಕಲಾದ ಗೋಪುರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಎರಡನೆಯ ಅಧ್ಯಾಯ ಬಾಂದ್ರಾದ್ದು. 1940-41ರಲ್ಲಿ ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯಾ, ಕಝಾಕಸ್ತಾನಗಳಿಗೆ ಅಟ್ಟಿತ್ತು. ಹಿಟ್ಲರ್ ರಷ್ಯಾದ ಮೇಲೆ ಏರಿಹೋದಮೇಲೆ ಒಪ್ಪಂದವಾಗಿ ಅವರಿಗೆ ಬಿಡುಗಡೆ ಸಿಕ್ಕಿತು, ಮನೆಯಿರಲಿಲ್ಲ. ಅನಾಥ ಮಕ್ಕಳೇ ಸಾವಿರಾರು. ಬೊಂಬಾಯಿಯಲ್ಲಿದ್ದ ಪೋಲೆಂಡಿನ ಕಾನ್ಸಲ್ ಜನರಲ್ ಯೂಜೀನಿಯುಶ್ ಬನಾಸಿನ್ಸ್ಕಿಯವರ ಹೆಂಡತಿ ಕೀರಾ ಪೋಲಿಷ್ ರೆಡ್‌ಕ್ರಾಸಿನ ಪ್ರತಿನಿಧಿ. ಆಕೆಯ ಓಡಾಟದಿಂದ ಬೊಂಬಾಯಿಯಿಂದ ಔಷಧ, ಬಟ್ಟೆ ಹೇರಿಕೊಂಡು ಲಾರಿಗಳು ಅಶ್ಗಾಬಾದಿನವರೆಗೆ ಹೋದವು, ಬರುವಾಗ ಮಕ್ಕಳನ್ನು ತಂದವು: ಮಶ್ಹದ್, ಝಾಹಿದಾನ್, ಕ್ವೆಟ್ಟಾ ದಾಟಿ, ಮರುಭೂಮಿಯ ದಾರಿ. 1942ರ ಏಪ್ರಿಲಿನಲ್ಲಿ ಮೊದಲ ತಂಡ ಬಾಂದ್ರಾಕ್ಕೆ ಬಂದಿಳಿಯಿತು. ಇಗರ್ಜಿ, ಶಿಲುಬೆ, ಗಂಟೆಗಳ ಬಾಂದ್ರಾ; ಕಥೋಲಿಕ ಮಕ್ಕಳಿಗೆ ಭಾಷೆ ಗೊತ್ತಿಲ್ಲದಿದ್ದರೂ ಪೂಜೆ ಗೊತ್ತಿತ್ತು, ಆಗಿನ ಪೂಜೆ ಲ್ಯಾಟಿನ್ನಿನಲ್ಲೇ ಅಲ್ಲವೇ. ಮಕ್ಕಳ ನಿಧಿಯ ಸಮಿತಿಯಲ್ಲಿ ಬೊಂಬಾಯಿಯ ಆರ್ಚ್‌ಬಿಷಪ್ ಥಾಮಸ್ ರಾಬರ್ಟ್ಸ್ ಇದ್ದರು. ಹಣ ಮಾತ್ರ ಕಥೋಲಿಕರದ್ದಷ್ಟೇ ಅಲ್ಲ, ರಾಜರದ್ದೂ ಸೇಟುಗಳದ್ದೂ ಸೇರಿತ್ತು.

ಮಕ್ಕಳು ಬಾಂದ್ರಾದಲ್ಲಿ ಕೆಲವೇ ತಿಂಗಳಿದ್ದರು. ಜುಲೈ ಹೊತ್ತಿಗೆ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಸಮುದ್ರದಂಡೆಯ ಬಾಲಾಚಡಿಯಲ್ಲಿ ಶಿಬಿರ ಕಟ್ಟಿಸಿ ಅಲ್ಲಿಗೆ ಕರೆಸಿಕೊಂಡರು. ಆ ಕಥೆ ಈಗ ಪ್ರಸಿದ್ಧ, ರಾಜನ ಹೆಸರಿನಲ್ಲಿ ವಾರ್ಸಾದಲ್ಲಿ ಚೌಕವೂ ಇದೆ. ನನಗೆ ಹಿಡಿಸುವುದು ಅದರ ಕೊನೆಯ ಭಾಗ. ಯುದ್ಧ ಮುಗಿದ ಮೇಲೆ ಅನಾಥರನ್ನು ಕಮ್ಯುನಿಸ್ಟ್ ಪೋಲೆಂಡಿಗೆ ಮರಳಿಸಬೇಕೆಂಬ ಒತ್ತಾಯ ಬಂತು. ಆಗ ಜಾಮ್ ಸಾಹೇಬರು, ಶಿಬಿರದ ಪಾದ್ರಿ ಫ್ರಾನ್ಸಿಶೆಕ್ ಪ್ಲೂತಾ ಮತ್ತು ಒಬ್ಬ ಬ್ರಿಟಿಷ್ ಅಧಿಕಾರಿ ಸೇರಿ ನವಾನಗರದ ಕೋರ್ಟಿನಲ್ಲಿ ಆ ಮಕ್ಕಳನ್ನು ದತ್ತು ತೆಗೆದುಕೊಂಡರು. ಹಿಂದೂ ರಾಜ, ಕಥೋಲಿಕ ಪಾದ್ರಿ, ಆಂಗ್ಲ ಸಾಹೇಬ: ಮೂರು ಸಹಿಯ ಜಾಮೀನು! ನಮ್ಮ ಸಂಘದಲ್ಲಿ ಎರಡು ಸಹಿಗೇ ತೃಪ್ತಿಪಡುತ್ತಿದ್ದೆವು.

ಇಬ್ಬರನ್ನು ಇಲ್ಲಿ ಬಿಟ್ಟುಬಿಡಲಾಗದು. ವಾರ್ಸಾದ ಯಹೂದಿ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ನಡೆಸುತ್ತಿದ್ದವರು, ಕಾವಿ ತೊಟ್ಟು ಭಾರತಾನಂದರಾದರು, ಔಂಧ್ ಸಂಸ್ಥಾನದ ಸ್ವರಾಜ್ಯ ಪ್ರಯೋಗದಲ್ಲಿ ದುಡಿದರು, ಕೊನೆಗೆ ಬೊಂಬಾಯಿಗೆ ಬಂದು ಖೇತ್‌ವಾಡಿಯ ಬೀಡಿ ಅಂಗಡಿಯ ನಿಸರ್ಗದತ್ತ ಮಹಾರಾಜರ ಮಾತುಗಳನ್ನು ಇಂಗ್ಲಿಷಿಗೆ ತಂದರು. ಅವರ ಗೆಳತಿ ವಾಂಡಾ ದಿನೋವ್ಸ್ಕಾ ಪೋಲಿಷ್ ಥಿಯೊಸಾಫಿಸ್ಟ್. ಇಬ್ಬರೂ ಕೂಡಿ 1944ರಲ್ಲಿ ಪೋಲಿಷ್-ಭಾರತೀಯ ಗ್ರಂಥಮಾಲೆ ಶುರುಮಾಡಿದರು. 1959ರಲ್ಲಿ ಟಿಬೆಟಿನವರು ಓಡಿಬಂದಾಗ ಇವರಿಬ್ಬರೂ ಅವರ ಬೆನ್ನಿಗೆ ನಿಂತರು. ಬೈಲುಕುಪ್ಪೆಯಲ್ಲಿ ಮೈಸೂರು ರಾಜ್ಯ ಕೊಟ್ಟ ಸುಮಾರು 3000 ಎಕರೆಯ ಹಿಂದೆ ಓಡಾಡಿದವರಲ್ಲಿ ಫ್ರಿಡ್‌ಮನ್ ಒಬ್ಬರು. ದಿನೋವ್ಸ್ಕಾ 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು, ಫ್ರಿಡ್‌ಮನ್ 1976ರಲ್ಲಿ ಬೊಂಬಾಯಿಯಲ್ಲಿ. ಇವರು ಯಾವ ಮತದ ಲೆಕ್ಕಕ್ಕೆ ಸೇರಬೇಕೋ ನಾನು ಹೇಳಲಾರೆ.

ಪೋಲೆಂಡಿನ ಕುಟುಂಬಗಳಿಗಾಗಿ 1943ರಲ್ಲಿ ದೊಡ್ಡ ಶಿಬಿರ ಎದ್ದದ್ದು ಮುಂಬಯಿಯಿಂದ ದೂರ, ನಮ್ಮ ಬಗಲಲ್ಲೇ, ಕೊಲ್ಹಾಪುರದ ವಳಿವಡೆಯಲ್ಲಿ. ಸುಮಾರು 5000 ಜನ. ಇಗರ್ಜಿ, ಶಾಲೆಗಳು, ಸಿನಿಮಾ ಟಾಕೀಸು ಎಲ್ಲ ಇದ್ದವು. 1948ರ ಹೊತ್ತಿಗೆ ಅವರು ಇಂಗ್ಲೆಂಡಿಗೂ ಆಫ್ರಿಕಾಕ್ಕೂ ಚದುರಿಹೋದರು. ಬರಾಕುಗಳು ಖಾಲಿ ಬೀಳಲಿಲ್ಲ. ದೇಶ ಒಡೆದು ಸಿಂಧದಿಂದ ಬಂದವರನ್ನು ಸರ್ಕಾರ ಕಲ್ಯಾಣದ ಮಿಲಿಟರಿ ಶಿಬಿರಕ್ಕೆ ತುಂಬಿದಂತೆ ಇಲ್ಲಿಗೂ ತಂದು ತುಂಬಿತು. ಕಲ್ಯಾಣದ್ದು ಉಲ್ಲಾಸನಗರವಾಯಿತು, ವಳಿವಡೆಯದು ಗಾಂಧಿನಗರ. ಈಗ ಅದು ಠೋಕ್ ಬಟ್ಟೆಯ ಪೇಟೆ. ನಿಪ್ಪಾಣಿಯ ಅಂಗಡಿಯವರು ದೀಪಾವಳಿಯ ಮುಂಚೆ ಟೆಂಪೋ ಮಾಡಿಕೊಂಡು ಅಲ್ಲಿಗೆ ಹೋಗಿ ಸೀರೆ, ಚಾದರ ಹೇರಿಕೊಂಡು ಬರುತ್ತಾರೆ.