ಮರುಕಳಿಸು

‘ಮರು’ ಎಂದರೆ ಮತ್ತೆ, ಮುಂದಿನ. ಮರುದಿನ, ಮರುಮದುವೆಗಳಲ್ಲಿರುವುದೂ ಇದೇ. ಹಳಗನ್ನಡದಲ್ಲಿ ಶಕಟರೇಫ ಹಾಕಿ ‘ಮಱು’ ಎಂದು ಬರೆಯುತ್ತಿದ್ದರು. ಪತ್ರಿಕೆಗಳಲ್ಲಿ ಇತಿಹಾಸವೂ ಮರುಕಳಿಸುತ್ತದೆ. ಪದ ಒಗ್ಗುವುದು ಮಾತ್ರ ಕಾಯಿಲೆಗೇ.

ಸಕಲೇಶಪುರ, ಆಲೂರಿನ ಕಡೆ ಮಳೆ ಹಿಡಿಯುವ ಹೊತ್ತಿಗೆ ದನ ಸಾಕಿದವರಿಗೆ ಚಪ್ಪೆ ರೋಗದ ಅಂಜಿಕೆ. ಇದರ ಬ್ಯಾಕ್ಟೀರಿಯಾ ಗಟ್ಟಿ ಚಿಪ್ಪಿನ ಬೀಜಕವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಹುಲ್ಲಿನೊಡನೆ ಹೊಟ್ಟೆ ಸೇರಿ, ಮಾಂಸಖಂಡಕ್ಕೆ ಹೋಗಿ ಅಲ್ಲೂ ಸುಮ್ಮನಿರುತ್ತದೆ. ಕರು ಎಲ್ಲೋ ಗುದ್ದಿಸಿಕೊಂಡು ಆ ಜಾಗಕ್ಕೆ ಆಮ್ಲಜನಕ ತಗ್ಗಿತೋ, ಬೀಜಕ ಒಡೆದು ಬೆಳೆಯತೊಡಗುತ್ತದೆ. ತೊಡೆ ಊದುತ್ತದೆ, ಒತ್ತಿದರೆ ಒಳಗಿನ ಗಾಳಿ ಚರಚರ ಎನ್ನುತ್ತದೆ. ಬಿದ್ದ ಕರು ಏಳುವುದು ಅಪರೂಪ. ಹಾಗಾಗಿ ಇಲ್ಲಿ ರೋಗ ಮರುಕಳಿಸುವುದು ಮೈಯಲ್ಲಲ್ಲ, ಅದೇ ಗೋಮಾಳದಲ್ಲಿ. ಮಳೆಗೆ ಮುಂಚೆಯೇ ಲಸಿಕೆ ಹಾಕಿಸುವುದು ಅದಕ್ಕೇ.