ಬಳ್ಳದೊಳಗಿನ ಳ

ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಫೋನಿನಲ್ಲಿ, ‘ಇಲ್ಲೇ ಬಲ್ಲಾರಿ ಬಸ್‌ಸ್ಟ್ಯಾಂಡ್‌ನಾಗ ಅದೀನಿ’ ಅಂದಳು. ‘ಅದೀನಿ’ ಅಪ್ಪಟ ನಮ್ಮ ಕಡೆಯ ಮಾತು. ಊರಿನ ಹೆಸರು ಮಾತ್ರ ಬೇರೆ ಯಾರದೋ ಬಾಯಿಂದ ಬಂದಂತಿತ್ತು. ಉತ್ತರದಿಂದ ಬಂದವರು ಬಲ್ಲಾರಿ ಅಂದರೆ ನನಗೆ ಬೇಸರವಿಲ್ಲ, ಹಿಂದಿಯ ನಾಲಿಗೆಗೆ ಳ ರೂಢಿಯಿಲ್ಲ. ಇಲ್ಲೇ ಹುಟ್ಟಿ ಬೆಳೆದವರ ಬಾಯಲ್ಲಿ ಅದು ಸವೆಯುತ್ತಿದೆಯಲ್ಲ, ಸಂಕಟ ಅದರದು.

ಇದಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರಗಳೇ ಕಾರಣ ಎಂಬುದು ನನ್ನ ನಂಬಿಕೆ: ಬಿ, ಎ, ಎಲ್, ಎಲ್. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ತಿದ್ದಿದಾಗ ನಮ್ಮೂರಿನ ಹೆಸರಲ್ಲಿ ಇ ಹೋಗಿ ಎ ಬಂತು, ಕೊನೆಯ ವೈ ಹೋಗಿ ಐ ಬಂತು. ನಡುವಿನ ಎರಡು ಎಲ್ ಬ್ರಿಟಿಷರು ಬರೆದಿಟ್ಟ ಹಾಗೇ ಉಳಿದವು. ಈ ನಾಲ್ಕಕ್ಷರ ಹೊತ್ತ ಪದಗಳನ್ನು ಮಕ್ಕಳು ಶಾಲೆಯಲ್ಲಿ ಬೇಕಾದಷ್ಟು ಕಲಿಯುತ್ತಾರೆ: ಬಾಲ್, ಬಲೂನ್, ಬ್ಯಾಲಟ್, ಬ್ಯಾಲೆ. ಬ ಎಲ್ಲದರಲ್ಲೂ ಒಂದೇ ಥರವಿಲ್ಲ, ಎಲ್ ಮಾತ್ರ ಎಲ್ಲದರಲ್ಲೂ ಲ. ಅದೇ ಅಭ್ಯಾಸದಲ್ಲಿ ನಮ್ಮ ಫಲಕಗಳನ್ನೂ ಓದುತ್ತಾರೆ. ಬಳ್ಳಾರಿ, ಹುಬ್ಬಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಎಲ್ಲದರ ಹೊಟ್ಟೆಯಲ್ಲೂ ಅವೇ ನಾಲ್ಕಕ್ಷರ. ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರಿಗೆ ಹಲ್ಲಿಯೂ ಹಳ್ಳಿಯೂ ಒಂದೇ, ಒಲ್ಲೆಯೂ ಒಳ್ಳೆಯೂ ಒಂದೇ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನ ಕೊಡಲಿ ಮಾಡುತ್ತಿದ್ದದ್ದು ಕಲ್ಲಿನಿಂದ. ಇಂಗ್ಲಿಷ್ ಬರಹ ನಂಬಿದರೆ ಅದು ಸಂಗನ ಕಳ್ಳೂ ಆಗಬಹುದು!

ಬಳ್ಳಾರಿಯ ಹೆಸರಿಗೆ ಇಂದ್ರ, ಬಲಾಸುರರ ಕಥೆ ಹೇಳುವವರಿದ್ದಾರೆ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಬಲನ ಅರಿ, ಅಂದರೆ ಶತ್ರು, ಎಂಬ ಬಲಾರಿಯಲ್ಲಿರುವುದು ಲ, ನಮ್ಮೂರಲ್ಲಿರುವುದು ಳ್ಳ, ಅಷ್ಟು ಸಾಕು. ನಾನು ಹಿಡಿದಿರುವುದು ಇನ್ನೊಂದು ಕಥೆ. ಊರೂರು ತಿರುಗುವ ವ್ಯಾಪಾರಿಗಳು ಇಲ್ಲಿ ತಂಗಿದರಂತೆ. ಪೂಜೆಗೆ ಲಿಂಗ ಸಿಗಲಿಲ್ಲ. ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಪೂಜಿಸಿದರಂತೆ, ಅದೇ ಬಳ್ಳೇಶ್ವರನಾಯಿತಂತೆ. ಅತ್ತ ದೊಡ್ಡಬಳ್ಳಾಪುರದವರನ್ನು ಕೇಳಿ: ಹಸುವೊಂದು ಹುತ್ತದ ಮೇಲೆ ದಿನಾ ಒಂದು ಬಳ್ಳ ಹಾಲು ಸುರಿಸುತ್ತಿತ್ತು ಅನ್ನುತ್ತಾರೆ. ಇಷ್ಟು ದೂರದ ಎರಡು ಊರುಗಳೂ ತಮ್ಮ ಹೆಸರನ್ನು ಒಂದೇ ಅಳತೆಯ ಪಾತ್ರೆಗೆ ಕಟ್ಟಿಕೊಂಡಿರುವುದು ಆಕಸ್ಮಿಕವೆಂದು ನಾನು ಒಪ್ಪುವುದಿಲ್ಲ. ಇವು ಅಳತೆಯ ಊರುಗಳು, ಸಂತೆ ಕಟ್ಟೆಯ ಊರುಗಳು ಎಂಬುದು ನನ್ನ ವಾದ. ಸಿರುಗುಪ್ಪವನ್ನು ಸೇರಿಸಿ ನೋಡಿ: ಗುಪ್ಪೆ ಎಂದರೆ ರಾಶಿ. ತುಂಗಭದ್ರಾ ಅಣೆಕಟ್ಟು ಕಟ್ಟುವುದಕ್ಕೆ ಎಷ್ಟೋ ಮೊದಲೇ, ವಿಜಯನಗರದ ಕಾಲದ ಕಾಲುವೆ ನೀರಿನಲ್ಲಿ ಅಲ್ಲಿ ಬತ್ತ ಬೆಳೆಯುತ್ತಿತ್ತು. ಗುಪ್ಪೆ ಹಾಕುವ ಊರು ಅದು, ಬಳ್ಳ ಹಿಡಿಯುವ ಊರು ಇದು. ಹುಬ್ಬಳ್ಳಿಯನ್ನು ಈ ಲೆಕ್ಕಕ್ಕೆ ಎಳೆಯುವುದಿಲ್ಲ. ಅದರ ಬಳ್ಳಿ ಹೂವಿನದೇ ಇರಲಿ.

ಬಳ್ಳ ನಾನು ಕಣ್ಣಾರೆ ಕಂಡ ವಸ್ತು. ಕುರುಗೋಡಿನಲ್ಲಿ ಅಜ್ಜನ ಕಣ. ಬಿಳಿಜೋಳದ ರಾಶಿಗೆ ಪೂಜೆಯಾದ ಮೇಲೆ ಅಳೆಯುವವ ಪೂರ್ವಕ್ಕೆ ಮುಖ ಮಾಡಿ ಮೊಣಕಾಲೂರಿ ಕೂರುತ್ತಿದ್ದ. ಬಾಯಂಚು ಸವೆದು ಹೊಳೆಯುತ್ತಿದ್ದ ಬಳ್ಳವನ್ನು ರಾಶಿಯೊಳಗೆ ಓರೆಯಾಗಿ ತುರುಕಿ, ಎಡಗೈಯಿಂದ ಕಾಳು ಎಳೆದು ಎಳೆದು ತುಂಬಿ, ಬಾಯಿಗಿಂತ ಮೇಲೆ ಗೋಪುರ ನಿಂತು ಸುತ್ತಲೂ ಕಾಳು ಜಾರುವ ತನಕ ಬಿಡುತ್ತಿರಲಿಲ್ಲ. ಮೊದಲ ಬಳ್ಳಕ್ಕೆ ‘ಒಂದು’ ಅನ್ನುವಂತಿಲ್ಲ. ‘ಲಾಭ’ ಅನ್ನಬೇಕು. ಊರ ದೇವರು ದೊಡ್ಡಬಸಪ್ಪನ ಹೆಸರು ಹೇಳಿ ‘ಲಾಬ, ಲಾಬ, ಲಾಬ’ ಅಂತ ರಾಗ ಎಳೆಯುತ್ತ ಚೀಲಕ್ಕೆ ಸುರಿದ ಮೇಲೇ ‘ಎರಡು’. ಎಣಿಕೆಗೆಂದು ಪಕ್ಕದಲ್ಲಿ ಸಣ್ಣ ಸಣ್ಣ ಗುಡ್ಡೆ ಕಾಳು ಇಡುತ್ತಿದ್ದರು. ಆ ಗುಡ್ಡೆಗಳ ಕಾಳು ಕೊನೆಗೆ ಕಣದಲ್ಲಿ ಕೈ ಒಡ್ಡಿ ನಿಂತವರಿಗೆ ಹೋಗುತ್ತಿತ್ತು. ಅಜ್ಜನಿಗೆ ಅನುಮಾನ ಬಂದರೆ, ‘ಏ ತಮ್ಮಾ, ಇನ್ನೊಮ್ಮೆ ಅಳದು ಸುರಿ’ ಅನ್ನುತ್ತಿದ್ದ. ಅಳೆದವ ಗೊಣಗುತ್ತ ಚೀಲ ಬೋರಲು ಹಾಕಿ ಮತ್ತೆ ಲಾಭದಿಂದ ಶುರು ಮಾಡುತ್ತಿದ್ದ.

‘ಅಳೆದೂ ಸುರಿದೂ’ ಎಂಬ ನುಡಿ ಇಂಥ ಕಣಗಳಲ್ಲೇ ಹುಟ್ಟಿದ್ದಿರಬೇಕು. ಹೆಣ್ಣು ನೋಡಲು ಹೋದವರು ಅಳೆದೂ ಸುರಿದೂ ಒಪ್ಪಿದರು ಅನ್ನುತ್ತೇವೆ, ಅಂಗಡಿಯವನು ಅಳೆದೂ ಸುರಿದೂ ಕೊನೆಗೆ ಹತ್ತು ರೂಪಾಯಿ ಬಿಟ್ಟ ಅನ್ನುತ್ತೇವೆ. ಒಮ್ಮೆ ಅಳೆದದ್ದನ್ನು ಸುರಿದು ಮತ್ತೆ ಅಳೆಯುವ ಆ ಹಿಂದೇಟು, ಆ ಜಾಗ್ರತೆ, ಎರಡೂ ಅದರಲ್ಲಿವೆ. ಈಗ ಟೀವಿಯಲ್ಲಿ ಸುದ್ದಿ ಓದುವವರು ಇದನ್ನು ‘ಅಲೆದು ಸುರಿದು’ ಅನ್ನುವುದು ಕೇಳಿದ್ದೇನೆ. ಅಲೆದವನು ಊರೂರು ತಿರುಗಿದವನು. ಅವನು ಏನನ್ನು ಸುರಿಯಬೇಕು? ಮೆಟ್ರಿಕ್ ಅಳತೆ ಬಂದು ಬಳ್ಳ ಹೋಯಿತು, ಅದಕ್ಕೆ ನನ್ನ ತಕರಾರಿಲ್ಲ. ಮಂಡಕ್ಕಿ ಅಂಗಡಿಯಲ್ಲಿ ಸೇರಾದರೂ ಉಳಿದುಕೊಂಡಿದೆ. ಪಾತ್ರೆ ಹೋದ ಮೇಲೆ ಅದರ ದನಿಯನ್ನೂ ಕಳೆದುಕೊಳ್ಳುವುದು ಯಾವ ನ್ಯಾಯ?

ಳ ಹಳ್ಳಿಗಾಡಿನ ಒರಟು ದನಿ ಎಂದು ತಿಳಿದವರು ಋಗ್ವೇದದ ಮೊದಲ ಸೂಕ್ತ ತೆರೆದು ನೋಡಲಿ, ಆರಂಭದಲ್ಲೇ ಅದಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳ ಎಂದು ಮೂರು ಬಗೆಯ ಳಗಳನ್ನು ಬಿಡಿಸಿ ತೋರಿಸಿದ. ರಳ ಆಗಲೇ ಬಾಯಿಂದ ಜಾರುತ್ತಿತ್ತು, ಈಗ ಅದರ ಅಕ್ಷರವೂ ಬಳಕೆಯಲ್ಲಿಲ್ಲ. ಉಳಿದದ್ದು ಒಂದೇ ಳ. ಅದು ಕನ್ನಡದ ಗಡಿಗೇ ನಿಲ್ಲುವುದೂ ಇಲ್ಲ. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಊರು, ನೀರು, ಭಾಷೆ ಎಲ್ಲಕ್ಕೂ ಜಗಳವಿದ್ದ ಆ ದಿನಗಳಲ್ಲೂ ಳಕ್ಕೆ ಜಗಳವಿರಲಿಲ್ಲ. ತೆಲುಗಿನವರೂ ಬಳ್ಳಾರಿ ಎಂದೇ ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ.

ಇವು ಅಳತೆಯ ಊರುಗಳು ಎಂಬ ನನ್ನ ವಾದಕ್ಕೆ ಇನ್ನೊಂದು ಸಾಕ್ಷಿ ಬೇಕೆಂದರೆ ಬಳ್ಳಾರಿಯಿಂದ ತುಸು ಹೊರಗೆ ಹೋಗಿ. ಅಲ್ಲಿರುವ ಊರು ಕೊಳಗಲ್ಲು. ಬಳ್ಳಕ್ಕಿಂತ ದೊಡ್ಡ ಅಳತೆ ಕೊಳಗ. ಬಳ್ಳದ ಊರಿನ ಮಗ್ಗುಲಲ್ಲೇ ಕೊಳಗದ ಊರು! ಆ ಹೆಸರಿನಲ್ಲಿ ಮೊದಲು ಬರುವುದು ಳ, ಆಮೇಲೆ ಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಎರಡಕ್ಕೂ ಅದೇ ಎಲ್. ಫಲಕಗಳಲ್ಲಿ ಅದರ ಮೇಲೆ ಕನ್ನಡದ ಸಾಲೂ ಇರುತ್ತದೆ. ಕನ್ನಡ ಬಲ್ಲವರು ಅದನ್ನು ಓದಲಿ.