ಒತ್ತಿದ ಮೇಲೆ ಬೆರಳಿಗೇನು ಕೆಲಸ?

ಹಾರ್ಮೋನಿಯಂ ಕಲಿಯುವವರಿಗೆ ಮೊದಲ ವಾರದಲ್ಲೇ ಒಂದು ಸಂಗತಿ ತಿಳಿದುಬಿಡುತ್ತದೆ. ಮನೆ ಒತ್ತಿದರೆ ಸ್ವರ ಬರುತ್ತದೆ, ಇನ್ನಷ್ಟು ಬಲವಾಗಿ ಒತ್ತಿದರೂ ಅದೇ ಸ್ವರ. ದನಿಯ ಏರಿಳಿತವೆಲ್ಲ ತಿದಿ ಹಾಕುವ ಕೈಯದು. ವೀಣೆಯವರು ಮೀಟಿದ ಮೇಲೂ ತಂತಿಯನ್ನು ಎಳೆದು ಗಮಕ ತೆಗೆಯುತ್ತಾರೆ. ಹಾರ್ಮೋನಿಯಂ ಬೆರಳಿಗೆ ಆ ಭಾಗ್ಯವಿಲ್ಲ. 1940ರಲ್ಲಿ ಆಕಾಶವಾಣಿ ಈ ವಾದ್ಯವನ್ನು ನಿಷೇಧಿಸಿದಾಗ ಮುಂದಿಟ್ಟ ಮುಖ್ಯ ಆಕ್ಷೇಪಗಳಲ್ಲಿ ಇದೂ ಒಂದು. ಆ ನಿಷೇಧ ಸಡಿಲಗೊಳ್ಳಲು 1971ರವರೆಗೆ ಕಾಯಬೇಕಾಯಿತು.

ಈಗ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಸಿಂಥಸೈಜರ್ ನುಡಿಸಲು ಕೀಬೋರ್ಡ್ ಹುಡುಕುವವರ ಎದುರಿಗೂ ಅದೇ ಹಳೆಯ ಪ್ರಶ್ನೆ ಬಂದು ನಿಲ್ಲುತ್ತದೆ, ‘ಆಫ್ಟರ್‌ಟಚ್’ ಎಂಬ ಹೆಸರಿನಲ್ಲಿ. ಎಷ್ಟು ವೇಗವಾಗಿ ಹೊಡೆದಿರಿ ಎಂಬುದು ‘ವೆಲಾಸಿಟಿ’. ಹೊಡೆದು ಮುಗಿದ ಮೇಲೆ ಎಷ್ಟು ಅದುಮಿ ಹಿಡಿದಿದ್ದೀರಿ ಎಂಬುದು ಆಫ್ಟರ್‌ಟಚ್. ಮೊದಲನೆಯದು ಇಂದು ಬಹುಪಾಲು ಅಗ್ಗದ ಕೀಬೋರ್ಡುಗಳಲ್ಲೂ ಇದೆ. ಎರಡನೆಯದಕ್ಕೆ ದೊಡ್ಡ ಚರಿತ್ರೆಯೇ ಇದೆ.

ಅದು ಯುರೋಪಿನ ಕ್ಲಾವಿಕಾರ್ಡ್‌ನಿಂದ ಶುರುವಾಗುತ್ತದೆ. ಈ ಪುಟ್ಟ ವಾದ್ಯದಲ್ಲಿ ಕೀಲಿಯ ತುದಿಗೆ ಹಿತ್ತಾಳೆಯ ಚೂರೊಂದಿರುತ್ತದೆ. ಅದು ತಂತಿಗೆ ಬಡಿದು, ಬೆರಳು ಮೇಲೇಳುವವರೆಗೂ ತಂತಿಗೇ ತಾಗಿಕೊಂಡಿರುತ್ತದೆ. ಹಾಗಾಗಿ ಬೆರಳನ್ನು ಕೊಂಚ ಅದುಮಿದರೆ ತಂತಿ ಬಿಗಿದು ಸ್ವರ ಮೇಲೇರುತ್ತದೆ. ಅದುಮಿ ಬಿಟ್ಟು ಮಾಡಿದರೆ ಸ್ವರ ಕಂಪಿಸುತ್ತದೆ. ಜರ್ಮನರು ಇದನ್ನು ‘ಬೇಬುಂಗ್’ ಎಂದರು. ಸೆಬಾಸ್ಟಿಯನ್ ಬಾಖ್‌ನ ಮಗ ಎಮಾನುಯೆಲ್ ಬಾಖ್ 1753ರಲ್ಲಿ ಪ್ರಕಟಿಸಿದ ಕೀಲಿವಾದ್ಯಗಳ ಕೈಪಿಡಿಯಲ್ಲಿ ಕ್ಲಾವಿಕಾರ್ಡ್‌ಗೆ ಗೌರವದ ಸ್ಥಾನವಿತ್ತು. ಆದರೆ ಅದರ ದನಿ ತೀರ ಮೆಲು, ಒಂದು ಕೋಣೆಯಾಚೆ ಕೇಳದು. ದೊಡ್ಡ ಸಭಾಂಗಣಗಳ ಕಾಲ ಬಂದಾಗ ಪಿಯಾನೊ ಗೆದ್ದಿತು. ಪಿಯಾನೊದ ಸುತ್ತಿಗೆಯಾದರೋ ತಂತಿಗೆ ಬಡಿದ ಕ್ಷಣವೇ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಬೆರಳು ಎಷ್ಟು ಅದುಮಿದರೂ ತಂತಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ದನಿ ದೊಡ್ಡದಾಯಿತು, ಬೆರಳಿನ ಹಿಡಿತ ತಪ್ಪಿತು.

ಕಳೆದುಹೋದ ಆ ಹಿಡಿತವನ್ನು ಮತ್ತೆ ಹುಡುಕಿದವರು ವಿದ್ಯುತ್ ವಾದ್ಯಗಳನ್ನು ಕಟ್ಟಿದವರು. ಕೆನಡಾದ ಭೌತವಿಜ್ಞಾನಿ ಹ್ಯೂ ಲೆ ಕೇನ್ 1945ರಿಂದ 1948ರ ನಡುವೆ ‘ಎಲೆಕ್ಟ್ರಾನಿಕ್ ಸ್ಯಾಕ್‌ಬಟ್’ ಎಂಬ ವಾದ್ಯ ಮಾಡಿದರು. ಅದರಲ್ಲಿ ಕೀಯನ್ನು ಕೆಳಕ್ಕೆ ಅದುಮಿದರೆ ದನಿ ಹೆಚ್ಚುತ್ತಿತ್ತು, ಪಕ್ಕಕ್ಕೆ ಒತ್ತಿದರೆ ಸ್ವರ ಬಾಗುತ್ತಿತ್ತು, ಎಡಗೈ ನಾದದ ಬಣ್ಣ ಬದಲಿಸುತ್ತಿತ್ತು. ಇಂದಿನ ದುಬಾರಿ ಕೀಬೋರ್ಡುಗಳು ಹೊಸದೆಂದು ಮಾರುವ ಗುಣಗಳಲ್ಲಿ ಹಲವು ಆಗಲೇ ಅಲ್ಲಿದ್ದವು. ಆದರೆ ಅದು ಪ್ರಯೋಗಶಾಲೆಯಿಂದ ಅಂಗಡಿಗೆ ಬರಲಿಲ್ಲ.

1970ರ ದಶಕದ ಕೊನೆಯಲ್ಲಿ ಯಮಾಹಾ ಸಿಎಸ್-80 ಬಂತು. ಎಂಟು ಸ್ವರಗಳನ್ನು ಒಟ್ಟಿಗೆ ನುಡಿಸಬಹುದಿತ್ತು. ಪ್ರತಿ ಕೀಯೂ ತನ್ನ ಮೇಲಿನ ಒತ್ತಡವನ್ನು ತಾನೇ ಅಳೆಯುತ್ತಿತ್ತು. ವ್ಯಾಂಗೆಲಿಸ್ ‘ಬ್ಲೇಡ್ ರನ್ನರ್’ (1982) ಚಿತ್ರಕ್ಕೆ ಕೊಟ್ಟ ಸಂಗೀತದಲ್ಲಿ ನರಳುವಂತೆ ಏರುವ ಆ ದೀರ್ಘ ಸ್ವರಗಳು ಈ ವಾದ್ಯದವು. ತೊಂದರೆ ಏನೆಂದರೆ ಅದರ ತೂಕ ಎಂಬತ್ತು ಕಿಲೋಗೂ ಹೆಚ್ಚು, ಬೆಲೆಯೂ ಹಾಗೇ.

1983ರಲ್ಲಿ ಬೇರೆಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲು ‘ಮಿಡಿ’ ಎಂಬ ಸಾಮಾನ್ಯ ಭಾಷೆ ಬಂತು. ಒತ್ತಡಕ್ಕೆ ಅದರಲ್ಲಿ ಎರಡು ಬಗೆಯ ಸಂದೇಶಗಳಿವೆ: ಪ್ರತಿ ಕೀಗೂ ಬೇರೆ ಬೇರೆ, ಇಲ್ಲವೇ ಇಡೀ ಚಾನೆಲ್‌ಗೆ ಒಂದೇ. ಮೊದಲನೆಯದಕ್ಕೆ ಪ್ರತಿ ಕೀಯ ಕೆಳಗೂ ಸೆನ್ಸರ್ ಬೇಕು. ಎರಡನೆಯದಕ್ಕೆ ಎಲ್ಲ ಕೀಗಳಡಿ ಒಂದು ಪಟ್ಟಿ ಹಾಸಿದರೆ ಸಾಕು. ಖರ್ಚು ಕಡಿಮೆಯಾದ್ದರಿಂದ ಹೆಚ್ಚಿನ ತಯಾರಕರು ಪಟ್ಟಿಯ ದಾರಿ ಹಿಡಿದರು. ಎನ್ಸಾನಿಕ್‌ನಂಥ ಕೆಲವರು ಮಾತ್ರ 80ರ ದಶಕದ ಕೊನೆಯಲ್ಲಿ ಮೊದಲನೆಯದನ್ನು ಉಳಿಸಿಕೊಂಡರು.

ಈ ಎರಡರ ವ್ಯತ್ಯಾಸ ನಮ್ಮವರಿಗೆ ಬೇಗ ತಿಳಿಯುತ್ತದೆ. ಚಾನೆಲ್ ಒತ್ತಡ ಹಾರ್ಮೋನಿಯಂನ ತಿದಿಯಂತೆ: ಎಷ್ಟು ಮನೆ ಒತ್ತಿದ್ದರೂ ಗಾಳಿ ಎಲ್ಲಕ್ಕೂ ಒಂದೇ. ಎಡಗೈಯಲ್ಲಿ ಷಡ್ಜ ಹಿಡಿದು ಬಲಗೈಯಲ್ಲಿ ಗಾಂಧಾರವನ್ನು ಅದುಮಿ ಕಂಪಿಸಿದರೆ ಷಡ್ಜವೂ ಜೊತೆಗೆ ನಡುಗುತ್ತದೆ. ಪ್ರತಿ ಕೀಗೂ ಬೇರೆ ಒತ್ತಡವಿದ್ದರೆ, ಅಂದರೆ ‘ಪಾಲಿಫೋನಿಕ್ ಆಫ್ಟರ್‌ಟಚ್’ ಇದ್ದರೆ, ಪ್ರತಿ ಮನೆಗೂ ಸ್ವಂತ ತಿದಿ ಇದ್ದಂತೆ. ಷಡ್ಜ ಅಲುಗದೆ ನಿಲ್ಲುತ್ತದೆ.

ಮಿಡಿಯಲ್ಲಿ ಸ್ವರ ಬಾಗಿಸುವ ಸಂದೇಶವಂತೂ ಇಡೀ ಚಾನೆಲ್‌ಗೇ ಅನ್ವಯಿಸುತ್ತದೆ. ಇದಕ್ಕೆ ಪರಿಹಾರವಾಗಿ 2018ರಲ್ಲಿ ‘ಎಂಪಿಇ’ ಎಂಬ ಒಪ್ಪಂದ ಅಧಿಕೃತವಾಯಿತು. ಉಪಾಯ ಸರಳ: ನುಡಿಸುವ ಪ್ರತಿ ಸ್ವರಕ್ಕೂ ಒಂದೊಂದು ಚಾನೆಲ್ ಕೊಡುವುದು. ಹಾಕೆನ್ ಕಂಟಿನ್ಯುಅಮ್, ರೋಲಿ ಸೀಬೋರ್ಡ್, ಲಿನ್‌ಸ್ಟ್ರುಮೆಂಟ್, ಆಸ್ಮೋಸ್ ಮೊದಲಾದವು ಈ ಸಾಲಿನವು. ಆಸ್ಮೋಸ್‌ನಲ್ಲಿ ಕೀಯನ್ನು ಪಕ್ಕಕ್ಕೆ ಅಲುಗಿಸಿದರೆ ಸ್ವರ ಬಾಗುವುದನ್ನು ಕಂಡಾಗ ಲೆ ಕೇನ್ ನೆನಪಾಗದೆ ಇರರು.

ಹಾಗಾದರೆ ಯಾವುದನ್ನು ಕೊಳ್ಳುವುದು? ಪಿಯಾನೊದ ನಾದವಷ್ಟೇ ಬೇಕಿದ್ದರೆ ಒತ್ತಡಕ್ಕೆ ಹಣ ಸುರಿಯಬೇಕಿಲ್ಲ. ಆ ಸುತ್ತಿಗೆಯ ಕತೆ ಆಗಲೇ ಹೇಳಿದೆ. ಒಂದೇ ಸ್ವರಧಾರೆಯಲ್ಲಿ ಕೊಳಲಿನಂಥ ದನಿ ನುಡಿಸುವವರಿಗೆ, ಶ್ರುತಿ ಬೇರೆ ಕಡೆಯಿಂದ ಬರುತ್ತಿದ್ದರೆ, ಚಾನೆಲ್ ಒತ್ತಡ ಧಾರಾಳವಾಯಿತು. ಹಲವು ಸ್ವರ ಹಿಡಿದು ಒಂದನ್ನೇ ಅರಳಿಸಬೇಕೆನ್ನುವವರಿಗೆ ಪಾಲಿಫೋನಿಕ್. ಪ್ರತಿ ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸಬೇಕೆನ್ನುವವರಿಗೆ ಎಂಪಿಇ. ನಿಮ್ಮ ಸಾಫ್ಟ್‌ವೇರ್ ಆ ಸಂದೇಶಕ್ಕೆ ಓಗೊಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಯಾವುದನ್ನು ತಂದರೂ ದಂಡ. ಅಂಗಡಿಯಲ್ಲಿ ಒಂದು ಸ್ವರ ಹಿಡಿದು ನಿಧಾನವಾಗಿ ಅದುಮಿ. ದನಿ ಬೆರಳಿನ ಜೊತೆ ನಯವಾಗಿ ಏರಬೇಕು. ಕೆಲವು ಕೀಬೋರ್ಡುಗಳಲ್ಲಿ ಬಹಳ ಹೊತ್ತು ಏನೂ ಆಗದೆ ಒಮ್ಮೆಲೇ ಜಿಗಿಯುತ್ತದೆ. ಅಂಥದ್ದರಲ್ಲಿ ಬೆರಳು ನೋಯುತ್ತದೆಯೇ ಹೊರತು ರಾಗ ಬರುವುದಿಲ್ಲ.

ಆದರೂ ಒಂದು ಮಾತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ಕಲಾವಿದರು ಬಾಗದ ಮನೆಗಳ ಮೇಲೆಯೇ ಇಡೀ ಬಾಳನ್ನು ಕಳೆದು ಹಾಡುಗಾರಿಕೆಯ ಹಿಂದೆ ನೆರಳಿನಂತೆ ಸಾಗಿದರು. ವಾದ್ಯ ಕೊಡದಿದ್ದುದನ್ನು ಅವರು ತಿದಿಯಿಂದ, ಬೆರಳ ಚುರುಕಿನಿಂದ, ಎಲ್ಲಿ ನಿಲ್ಲಬೇಕೆಂಬ ತಿಳಿವಿನಿಂದ ತುಂಬಿಕೊಂಡರು. ಇಂದಿನ ಕೀಬೋರ್ಡು ಒತ್ತಿದ ಮೇಲೂ ಬೆರಳಿಗೆ ಕೆಲಸ ಕೊಡುತ್ತದೆ. ಆ ಕೆಲಸ ಕಲಿಯುವ ತಾಳ್ಮೆಯನ್ನು ಮಾತ್ರ ನಾವೇ ತರಬೇಕು.